ಮೇದೋಜೀರಕಕ್ಕೆ ಬೆಂಕಿ ಹಚ್ಚಿದ್ದು ಯಾರು?

ತಾರ್ನಾಕಾದಿಂದ ಉಪ್ಪಲ್ ಕಡೆಗೆ ಹೋಗುವ ಬಸ್ಸು ಹಬ್ಸಿಗೂಡ ಹತ್ತಿರ ಬಂದಾಗ ಸಿಸಿಎಂಬಿ ಸಂಸ್ಥೆಯ ಗೇಟು ಕಾಣುತ್ತದೆ. ಮೂವತ್ತೇಳು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಆ ಗೇಟಿನ ಮುಂದೆ ಎಷ್ಟು ಸಾವಿರ ಸಲ ಹಾದು ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಏನು ನಡೆಯುತ್ತದೆ ಅಂತ ಒಂದು ದಿನವೂ ಯೋಚಿಸಿದವನಲ್ಲ. ನಮ್ಮಣ್ಣನ ಮೇಲೆ ಇದ್ದ ಒಂದು ಆರೋಪಕ್ಕೆ ಉತ್ತರದ ಒಂದು ತುಂಡು ಅಲ್ಲೇ ಸಿಕ್ಕಿತ್ತು ಅನ್ನುವುದು ಗೊತ್ತಾಗುವ ಹೊತ್ತಿಗೆ ಅಣ್ಣ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು.

ಆರೋಪ ಇಷ್ಟೇ: ಅವನು ಕುಡುಕ.

ಕಡೂರು ತಾಲ್ಲೂಕಿನ ನಮ್ಮೂರಿನಲ್ಲಿ ಅಣ್ಣನಿಗೆ ಹದಿನಾಲ್ಕನೇ ವಯಸ್ಸಿನಿಂದ ಹೊಟ್ಟೆನೋವು. ಅಂತಿಂಥ ನೋವಲ್ಲ. ಮೊಣಕಾಲನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಹಣೆ ಒತ್ತಿ ಕೂತುಬಿಡುತ್ತಿದ್ದ. ಇಪ್ಪತ್ತಾರಕ್ಕೆ ಸಕ್ಕರೆ ಕಾಯಿಲೆ. ಒಂದು ಸಲ ನೋವು ಜೋರಾಗಿ ಪಟ್ಟಣದ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ, ಅಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ, ಮೇದೋಜೀರಕದಲ್ಲಿ ಕಲ್ಲು ಅಂತ ಹೇಳಿ, ಒಂದು ಮಾತೂ ಕೇಳದೆ ಚೀಟಿಯಲ್ಲಿ 'ಮದ್ಯಪಾನದಿಂದ' ಅಂತ ಬರೆದರು. ಅಣ್ಣ ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಆದರೆ ಡಾಕ್ಟರು ಬರೆದಮೇಲೆ ಮುಗಿಯಿತಲ್ಲ! ಊರಿಗೆ ಗೊತ್ತಾಯಿತು. ಅತ್ತಿಗೆಯ ತವರಿಗೆ ಗೊತ್ತಾಯಿತು. ಅಮ್ಮ ಕೂಡ ಒಂದು ರಾತ್ರಿ ನನ್ನನ್ನು ಪಕ್ಕಕ್ಕೆ ಕರೆದು, ನಿಜ ಹೇಳು, ಮಂಡಿಯವರ ಜೊತೆ ಸೇರಿ ಕುಡೀತಾನಾ ಅಂತ ಕೇಳಿದಳು. 1994ರಲ್ಲಿ, ಮೂವತ್ತೆಂಟನೇ ವಯಸ್ಸಿನಲ್ಲಿ ಅಣ್ಣ ಹೋದ. ಕೊನೆಗೆ ಹೊಟ್ಟೆಗಿಂತ ಹೆಚ್ಚಾಗಿ ಉಸಿರಿಗೆ ಕಷ್ಟಪಟ್ಟ. ಹೊಟ್ಟೆಯ ಕಾಯಿಲೆಗೆ ಶ್ವಾಸಕೋಶ ಯಾಕೆ ಕೆಡಬೇಕು ಅನ್ನುವ ಪ್ರಶ್ನೆ ನನಗೆ ಅವತ್ತಿನಿಂದಲೂ ಇತ್ತು.

ಈಗ ನಿವೃತ್ತನಾಗಿ ಕೂತಮೇಲೆ ಓದಲು ಹೊತ್ತು ಸಿಕ್ಕಿದೆ. ಮೇದೋಜೀರಕದ ಉರಿಯೂತದ ಇತಿಹಾಸ ಹುಡುಕುತ್ತ ಹೋದೆ. ಪತ್ತೇದಾರಿ ಕಾದಂಬರಿಗಿಂತ ಚೆನ್ನಾಗಿದೆ ಕಣ್ರೀ.

ಮೊದಲು ಆ 'ಕುಡುಕ' ಅನ್ನುವ ಮಾತಿನ ಮೂಲ. ಅದು ಸಿಕ್ಕಿದ್ದು ಜರ್ಮನಿಯಲ್ಲಿ. ನಿಕೋಲಸ್ ಫ್ರೀಡ್ರಿಕ್ ಎಂಬ ವೈದ್ಯ 1878ರಲ್ಲಿ ವಿಪರೀತ ಕುಡಿತಕ್ಕೂ ಮೇದೋಜೀರಕ ಗಟ್ಟಿಯಾಗಿ ಹಾಳಾಗುವುದಕ್ಕೂ ಸಂಬಂಧ ಕಲ್ಪಿಸಿ, ಅದನ್ನು 'ಕುಡುಕನ ಮೇದೋಜೀರಕ' ಅಂತ ಕರೆದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಯುರೋಪಿನಲ್ಲಿ ಈ ಕಾಯಿಲೆಯ ದೊಡ್ಡ ಕಾರಣಗಳಲ್ಲಿ ಹೆಂಡ ಒಂದು. ಆದರೆ ಹೆಂಡ ಕುಡಿದರೆ ಈ ಕಾಯಿಲೆ ಬರಬಹುದು ಅನ್ನುವುದು ಬೇರೆ, ಈ ಕಾಯಿಲೆ ಬಂದವನು ಹೆಂಡ ಕುಡಿದಿರಲೇಬೇಕು ಅನ್ನುವುದು ಬೇರೆ. ನೂರು ವರ್ಷ ಕಳೆದು ನಮ್ಮ ಪಟ್ಟಣದ ಡಾಕ್ಟರು ಮೊದಲನೆಯದನ್ನು ಓದಿ ಎರಡನೆಯದನ್ನು ಬರೆದಿದ್ದರು.

ಮುಂದೆ 1889ರಲ್ಲಿ ಬೋಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಈ ರೋಗದ ಲಕ್ಷಣಗಳನ್ನು ಕ್ರಮವಾಗಿ ಬರೆದಿಟ್ಟ. ಅಪೆಂಡಿಕ್ಸ್ ಉರಿಯೂತವನ್ನು 1886ರಲ್ಲಿ ಜಗತ್ತಿಗೆ ತಿಳಿಸಿಕೊಟ್ಟವನೂ ಇವನೇ. 1896ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿ ಅಸಲಿ ಮಾತು ಹೇಳಿದ: ಮೇದೋಜೀರಕ ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳುತ್ತಿದೆ! ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತೀವಲ್ಲ, ಅದೇ. ಈ ಗ್ರಂಥಿ ಮಾಂಸವನ್ನು ಕರಗಿಸುವ ಟ್ರಿಪ್ಸಿನ್ ಅನ್ನುವ ರಸವನ್ನು ತಯಾರಿಸುತ್ತದೆ. ಆ ಹೆಸರನ್ನು ಹೈಡೆಲ್‌ಬರ್ಗಿನ ಕ್ಯೂನೆ 1876ರಲ್ಲಿ ಇಟ್ಟಿದ್ದ. ತಯಾರಾಗುವಾಗ ಅದು ಮೊಂಡು ಕತ್ತಿ, ಟ್ರಿಪ್ಸಿನೋಜನ್ ಅಂತ ಹೆಸರು. ಕರುಳಿಗೆ ಹೋದಮೇಲೆ ಮಾತ್ರ ಸಾಣೆ ಹಿಡಿಯಬೇಕು. ಕರುಳಿಗೆ ಹೋಗುವ ಮುಂಚೆಯೇ ಗ್ರಂಥಿಯೊಳಗೆ ಹರಿತವಾದರೆ ಅನಾಹುತ. 1901ರಲ್ಲಿ ಬಾಲ್ಟಿಮೋರಿನ ಯೂಜೀನ್ ಓಪಿ ಒಂದು ಶವಪರೀಕ್ಷೆಯಲ್ಲಿ, ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡುವ ಬಾಗಿಲಿನಲ್ಲೇ ಪಿತ್ತದ ಕಲ್ಲು ಸಿಕ್ಕಿಕೊಂಡಿದ್ದನ್ನು ಕಂಡ. ಹೆಂಡ ಒಂದು, ಪಿತ್ತದ ಕಲ್ಲು ಇನ್ನೊಂದು. ಇಬ್ಬರು ಆರೋಪಿಗಳು ಸಿಕ್ಕಿದರು, ಆಯುಧವೂ ಸಿಕ್ಕಿತು. ಕೇಸು ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

ಹಾಗಿದ್ದರೆ ಟ್ರಿಪ್ಸಿನ್ನನ್ನು ಕಟ್ಟಿಹಾಕುವ ಔಷಧ ಕೊಟ್ಟರೆ ರೋಗಿ ಬದುಕಬೇಕಲ್ಲವೇ? ಅಪ್ರೋಟಿನಿನ್ ಅನ್ನುವ ಔಷಧವನ್ನು ಡಾಕ್ಟರುಗಳು ವರ್ಷಗಟ್ಟಲೆ ಕೊಟ್ಟರು. 1977ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: ಸಾವು ಕಡಿಮೆಯಾಗಲಿಲ್ಲ. ಔಷಧ ತಲುಪುವಷ್ಟರಲ್ಲಿ ತಡವಾಗಿತ್ತು ಅಂತ ಕೆಲವರು ಸಮಾಧಾನ ಹೇಳಿಕೊಂಡರು. 1988ರಲ್ಲಿ ರಿಂಡರ್‌ಕ್ನೆಕ್ಟ್ ಎಂಬಾತ ಬೇರೆಯೇ ಪ್ರಶ್ನೆ ಎತ್ತಿದ. ರೋಗಿಯನ್ನು ಕೊಲ್ಲುವುದು ಟ್ರಿಪ್ಸಿನ್ ಅಲ್ಲ, ಅತಿಯಾಗಿ ಕೆರಳಿದ ಬಿಳಿರಕ್ತಕಣಗಳೇ ಇರಬಹುದಲ್ಲ? ಅಂದರೆ ಸುಟ್ಟ ಮನೆಗಿಂತ, ಆರಿಸಲು ಬಂದು ಊರೆಲ್ಲ ನುಗ್ಗಿದ ಜನರಿಂದಲೇ ಹೆಚ್ಚು ನಷ್ಟ. ಆ ಜನರನ್ನು ಕರೆದವರು ಯಾರು ಹಾಗಾದರೆ?

ಇಲ್ಲಿಗೆ ಬಂದಾಗ ನನ್ನ ಹಳೆ ಇಲಾಖೆಯ ಹೆಸರು ಕಂಡು ನಗು ಬಂತು. ಕೋಶದೊಳಗಿನ ಸಿಗ್ನಲ್!

1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿದ್ದ ರಂಜನ್ ಸೇನ್, ಬಿ ಲಿಂಫೋಸೈಟ್ ಎಂಬ ರಕ್ತಕಣಗಳಲ್ಲಿ ಒಂದು ಪ್ರೋಟೀನನ್ನು ಗುರುತಿಸಿದರು. ಪ್ರತಿಕಾಯದ ಕಪ್ಪಾ ಎಂಬ ಜೀನಿನ ಪಕ್ಕದಲ್ಲಿ ಅದು ಕೂರುತ್ತಿತ್ತು. ಅದಕ್ಕೇ ಎನ್ಎಫ್-ಕಪ್ಪಾ-ಬಿ ಅನ್ನುವ ಹೆಸರು. ಪ್ರತಿಕಾಯಕ್ಕೆ ಮಾತ್ರ ಸಂಬಂಧಪಟ್ಟಿದ್ದು ಅಂತ ಮೊದಲು ತೋರಿತು. ಅದೇ ವರ್ಷದ ಎರಡನೇ ಪ್ರಬಂಧದಲ್ಲಿ ಗೊತ್ತಾಗಿದ್ದೇನೆಂದರೆ, ಬೇರೆ ಕೋಶಗಳಲ್ಲೂ ಇದು ಇದೆ, ಆದರೆ ಅಡಗಿ ಕೂತಿದೆ. ಸರಿಯಾದ ಪ್ರಚೋದನೆ ಕೊಟ್ಟರೆ ಹೊಸದಾಗಿ ಪ್ರೋಟೀನು ತಯಾರಾಗುವ ಅಗತ್ಯವೂ ಇಲ್ಲದೆ ಎದ್ದು ಬರುತ್ತದೆ. 1988ರಲ್ಲಿ ಪ್ಯಾಟ್ರಿಕ್ ಬೊಯರ್ಲೆ ಮತ್ತು ಬಾಲ್ಟಿಮೋರ್ ಅದನ್ನು ಹಿಡಿದು ಕೂರಿಸಿರುವ ಕಾವಲುಗಾರನನ್ನೂ ಕಂಡುಹಿಡಿದರು, ಐ-ಕಪ್ಪಾ-ಬಿ. 1997ರ ಹೊತ್ತಿಗೆ ಆ ಕಾವಲುಗಾರನಿಗೆ ಗುರುತು ಹಾಕಿ ಕೊಲ್ಲಿಸುವ ಕಿಣ್ವವೂ ಸಿಕ್ಕಿತು.

ರೈಲ್ವೆಯವನಾಗಿ ಇದನ್ನು ಹೀಗೆ ಅರ್ಥಮಾಡಿಕೊಂಡೆ. ನಮ್ಮಲ್ಲಿ ಸಿಗ್ನಲ್ ಸಹಜ ಸ್ಥಿತಿಯಲ್ಲಿ ಕೆಂಪು. ತಂತಿ ಕಡಿದರೂ ಕೆಂಪಿಗೇ ಬೀಳಬೇಕು ಅನ್ನುವುದು ನಿಯಮ. ಕೋಶದಲ್ಲೂ ಕಾವಲುಗಾರ ಇರುವತನಕ ಕೆಂಪು. ಆದರೆ ಇಲ್ಲಿ ತಂತಿ ಕಡಿದರೆ, ಅಂದರೆ ಕಾವಲುಗಾರ ಸತ್ತರೆ, ಹಸಿರು ಬೀಳುತ್ತದೆ! ನಮ್ಮ ಇಂಜಿನಿಯರುಗಳು ಈ ವಿನ್ಯಾಸವನ್ನು ಖಂಡಿತ ಪಾಸು ಮಾಡುತ್ತಿರಲಿಲ್ಲ. ಹಸಿರು ಬಿದ್ದೊಡನೆ ಎನ್ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ನುಗ್ಗಿ ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮುಂತಾದವುಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಸೈಟೋಕೈನ್ ಅನ್ನುವುದು ಇವುಗಳಿಗೇ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ತಂತಿ ಸಂದೇಶ: ಇಲ್ಲಿ ಅಪಾಯ, ಬನ್ನಿ ಅಂತ. ಕರೆಗೆ ಬಿಳಿರಕ್ತಕಣಗಳು ಓಡಿ ಬರುತ್ತವೆ.

ಸೈಟೋಕೈನ್ ತಯಾರಿಸುವುದು ರಕ್ಷಣಾ ಕಣಗಳ ಕೆಲಸ ಅಂತಲೇ ಎಲ್ಲರ ನಂಬಿಕೆ. ಜೀರ್ಣರಸ ಮಾಡುವ ಅಸಿನಾರ್ ಕೋಶ ಅಡುಗೆಭಟ್ಟನಿದ್ದ ಹಾಗೆ, ಅವನಿಗೂ ಪೊಲೀಸರ ವೈರ್‌ಲೆಸ್ಸಿಗೂ ಏನು ಸಂಬಂಧ? 1997ರಲ್ಲಿ ಲಾಸ್ ಏಂಜಲಿಸ್‌ನ ಅನ್ನಾ ಗುಕೋವ್‌ಸ್ಕಾಯಾ, ಸ್ಟೀಫನ್ ಪಾಂಡೋಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು, ಈ ಅಡುಗೆಭಟ್ಟನೇ ಟಿಎನ್ಎಫ್ ತಯಾರಿಸುತ್ತಾನೆ, ಹೊರಗೆ ಬಿಡುತ್ತಾನೆ, ತಾನು ಬಿಟ್ಟಿದ್ದಕ್ಕೆ ತಾನೇ ಸ್ಪಂದಿಸುತ್ತಾನೆ. ಮರುವರ್ಷ ಅದೇ ಗುಂಪು ಇಲಿಗಳಲ್ಲಿ ಕಾಯಿಲೆ ಹುಟ್ಟಿಸಿ ನೋಡಿದಾಗ, ಎನ್ಎಫ್-ಕಪ್ಪಾ-ಬಿ ಎಚ್ಚರವಾಗುವುದು ಕಾಯಿಲೆಯ ತೀರಾ ಆರಂಭದಲ್ಲೇ ಕಂಡಿತು.

ಇಲಿಗಳಲ್ಲಿ ಕಾಯಿಲೆ ಹುಟ್ಟಿಸುವ ಬಗೆಯೂ ವಿಚಿತ್ರ. ಆಸ್ಟ್ರೇಲಿಯಾದ ಒಂದು ಹಸಿರು ಮರಗಪ್ಪೆಯ ಚರ್ಮದಿಂದ 1960ರ ದಶಕದಲ್ಲಿ ಇಟಲಿಯ ಎರ್ಸ್ಪಾಮರ್ ಬಳಗ ಸೆರುಲಿನ್ ಅನ್ನುವ ವಸ್ತುವನ್ನು ತೆಗೆದಿತ್ತು. ಊಟ ಮಾಡಿದಾಗ ನಮ್ಮ ಕರುಳು ಮೇದೋಜೀರಕಕ್ಕೆ 'ರಸ ಬಿಡು' ಅಂತ ಹೇಳಲು ಕಳಿಸುವ ಸಿಸಿಕೆ ಎಂಬ ಹಾರ್ಮೋನಿನ ಜೋಡಿ ಅದು. ಮಿತವಾಗಿ ಕೊಟ್ಟರೆ ರಸ ಬರುತ್ತದೆ. ಮಿತಿಮೀರಿ ಕೊಟ್ಟರೆ ಗ್ರಂಥಿ ಉರಿಯುತ್ತದೆ, ಅಂತ 1977ರಲ್ಲೇ ಲಾಂಪೆಲ್ ಮತ್ತು ಕೆರ್ನ್ ತೋರಿಸಿದ್ದರು. ಅಂದರೆ ಕೆಲಸ ಮಾಡು ಅನ್ನುವ ಸಿಗ್ನಲ್ಲೇ ಅತಿಯಾದಾಗ ಬೆಂಕಿ ಹಚ್ಚುವ ಸಿಗ್ನಲ್. ಹೇಗೆ? ಹಾರ್ಮೋನು ಕೋಶದ ಹೊರಬಾಗಿಲು ತಟ್ಟಿದಾಗ ಒಳಗೆ ಕ್ಯಾಲ್ಸಿಯಂ ಮಟ್ಟ ಅಲೆಅಲೆಯಾಗಿ ಏರಿಳಿಯಬೇಕು. ಅತಿಯಾದರೆ ಏರಿದ್ದು ಇಳಿಯುವುದೇ ಇಲ್ಲ. ಈ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವ ಎರಡೂ ಸೇರಿ ಎನ್ಎಫ್-ಕಪ್ಪಾ-ಬಿಯನ್ನು ಬಿಡುಗಡೆ ಮಾಡುತ್ತವೆ ಅಂತ ಮಿಶಿಗನ್ನಿನ ಕ್ರೇಗ್ ಲಾಗ್ಸ್‌ಡನ್ ಬಳಗ 2000ದಲ್ಲಿ ತೋರಿಸಿತು. ಪಿತ್ತರಸದ ಆಮ್ಲ ಮತ್ತು ಹೆಂಡವು ಕೊಬ್ಬಿನಾಮ್ಲದ ಜೊತೆ ಸೇರಿ ಆಗುವ ವಸ್ತುಗಳು ಕೂಡ ಇದೇ ಕ್ಯಾಲ್ಸಿಯಂ ದಾರಿಯನ್ನೇ ಕೆಡಿಸುತ್ತವೆ ಅಂತ ಬ್ರಿಟನ್ನಿನ ಓಲೆ ಪೀಟರ್ಸನ್ ಮತ್ತಿತರರ ಕೆಲಸದಿಂದ ಗೊತ್ತಾಯಿತು. ಹಾಗಾಗಿ ಕುಡುಕನೂ, ಪಿತ್ತದ ಕಲ್ಲಿನವನೂ, ಗಪ್ಪೆಯ ಔಷಧ ಚುಚ್ಚಿಸಿಕೊಂಡ ಇಲಿಯೂ ಒಂದೇ ಹಳಿಯ ಮೇಲೆ ಬಂದು ನಿಲ್ಲುತ್ತಾರೆ.

ಈಗ ಕಿಯಾರಿಯ ಟ್ರಿಪ್ಸಿನ್ ಕಥೆ ಏನಾಯಿತು? ಅದನ್ನು ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ, ಸಕಾರಣವಾಗಿಯೇ. ಬೋಸ್ಟನ್ನಿನಲ್ಲಿ ಮೈಕೆಲ್ ಸ್ಟೀರ್ ಮತ್ತು ಅಶೋಕ್ ಸಲೂಜಾ 1980ರ ದಶಕದಲ್ಲಿ, ಕೋಶದೊಳಗೆ ಮೊಂಡು ಟ್ರಿಪ್ಸಿನೋಜನ್ ಮತ್ತು ಕ್ಯಾಥೆಪ್ಸಿನ್-ಬಿ ಎಂಬ ಕಿಣ್ವ ತಪ್ಪಾಗಿ ಒಂದೇ ಚೀಲಕ್ಕೆ ಬಂದು ಬೀಳುವುದನ್ನು ತೋರಿಸಿದ್ದರು. ಕತ್ತಿಯೂ ಸಾಣೆಕಲ್ಲೂ ಒಂದೇ ಚೀಲದಲ್ಲಿ! 1996ರಲ್ಲಿ ಪಿಟ್ಸ್‌ಬರ್ಗಿನ ಡೇವಿಡ್ ವಿಟ್‌ಕೂಂಬ್ ಇನ್ನೂ ಬಲವಾದ ಸಾಕ್ಷಿ ತಂದರು. ವಂಶಪಾರಂಪರ್ಯವಾಗಿ ಈ ಕಾಯಿಲೆ ಬರುವ ಕುಟುಂಬಗಳಿವೆ ಅಂತ 1952ರಿಂದ ಗೊತ್ತಿತ್ತು. ಅಂಥವರಲ್ಲಿ ಟ್ರಿಪ್ಸಿನೋಜನ್ ಜೀನೇ ಬದಲಾಗಿದೆ, ತಯಾರಾದ ಕತ್ತಿಯನ್ನು ಮತ್ತೆ ಮೊಂಡು ಮಾಡಲು ಆಗುವುದಿಲ್ಲ ಅಂತ ಅವರು ಕಂಡುಹಿಡಿದರು. ತಲೆಮಾರುಗಳಿಂದ ಕುಡುಕರ ಮನೆತನ ಅನ್ನಿಸಿಕೊಂಡವರು ಅಲ್ಲೂ ಎಷ್ಟು ಜನ ಇದ್ದರೋ.

ಆಮೇಲೆ 2000ದಲ್ಲಿ ಬರ್ಲಿನ್ನಿನ ಹೈಕೊ ವಿಟ್ ಸ್ಪಿಂಕ್-1 ಎಂಬ ಜೀನಿನತ್ತ ಬೊಟ್ಟು ಮಾಡಿದರು. ಅಕಸ್ಮಾತ್ ಟ್ರಿಪ್ಸಿನ್ ಹರಿತವಾದರೆ ತಕ್ಷಣ ಒರೆಗೆ ಹಾಕುವ ಪ್ರೋಟೀನಿನ ಜೀನು ಅದು. ದೀರ್ಘಕಾಲದ ಮೇದೋಜೀರಕ ಉರಿಯೂತವಿದ್ದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದರಲ್ಲಿ ಬದಲಾವಣೆ ಇತ್ತು.

ಇನ್ನು ನಮ್ಮ ಕಡೆಗೆ ಬರೋಣ. ಬಿಸಿಲಿನ ನಾಡುಗಳಲ್ಲಿ ಕುಡಿಯದ, ಚಿಕ್ಕ ವಯಸ್ಸಿನ, ಬಡ ರೋಗಿಗಳಲ್ಲಿ ಮೇದೋಜೀರಕದಲ್ಲಿ ಕಲ್ಲು ಕಟ್ಟುವುದನ್ನು 1950ರ ದಶಕದಲ್ಲಿ ಇಂಡೋನೇಷ್ಯಾದಲ್ಲಿ ಜೂಯ್ಡೆಮಾ ಬರೆದಿಟ್ಟ. ಕೇರಳದಲ್ಲಿ ಡಾ. ಗೀವರ್ಗೀಸ್ ಇಂಥವರನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿದರು. ಬಾಲ್ಯದಲ್ಲಿ ನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ತುಂಬು ಪ್ರಾಯದಲ್ಲಿ ಸಾವು, ಇದು ಅವರು ಕಂಡ ಚಿತ್ರ. ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಅಣ್ಣನ ಬದುಕೇ ಅದು. ಅಪೌಷ್ಟಿಕತೆ ಕಾರಣ ಅಂದರು, ಮರಗೆಣಸು ಕಾರಣ ಅಂದರು. ನಮ್ಮೂರಲ್ಲಿ ಮರಗೆಣಸು ಯಾರು ತಿನ್ನುತ್ತಿದ್ದರು? ರಾಗಿಮುದ್ದೆ ಉಂಡವರು ನಾವು.

2002ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಚಾಂಡಕ್ ಮತ್ತು ಸಂಗಡಿಗರು, ಇಂಥ ಭಾರತೀಯ ರೋಗಿಗಳ ಜೀನುಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ವಿಟ್‌ಕೂಂಬ್ ಹೇಳಿದ ಟ್ರಿಪ್ಸಿನೋಜನ್ ಜೀನಿಗಿಂತ, ಸ್ಪಿಂಕ್-1 ಬದಲಾವಣೆಯೇ ಇವರಲ್ಲಿ ಎದ್ದು ಕಾಣುತ್ತಿತ್ತು. ಅದರಲ್ಲೂ ಎನ್34ಎಸ್ ಅನ್ನುವ ಒಂದು ಬದಲಾವಣೆ. ಹಾಗಂತ ಅದೊಂದೇ ಸಾಕು ಅನ್ನುವ ಹಾಗಿಲ್ಲ. ಆರೋಗ್ಯವಾಗಿರುವ ನೂರು ಜನರಲ್ಲೂ ಒಂದಿಬ್ಬರಿಗೆ ಅದು ಇರುತ್ತದೆ, ಅವರಿಗೇನೂ ಆಗುವುದಿಲ್ಲ. ಬೇರೇನೋ ಜೊತೆ ಸೇರಬೇಕು. ಪಕ್ಕದ ರಸ್ತೆಯಲ್ಲಿ ಇದು ಅಚ್ಚಾಗುವಾಗ ನಾನು ಅದೇ ಬಸ್ಸಿನಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದೆ.

ಆದರೆ ಕಥೆ ಮತ್ತೆ ತಿರುಗಿತು ನೋಡಿ. 2011ರಲ್ಲಿ ಸಲೂಜಾ, ಅವರ ಸಹೋದ್ಯೋಗಿ ದಾವ್ರಾ ಮುಂತಾದವರು ಮುಖ್ಯ ಟ್ರಿಪ್ಸಿನೋಜನ್ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಮಾಡಿದರು. ಅವುಗಳಿಗೆ ಸೆರುಲಿನ್ ಚುಚ್ಚಿದಾಗ ಕೋಶಗಳ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಕಿಯಾರಿ ಅಷ್ಟರಮಟ್ಟಿಗೆ ಸರಿ. ಉರಿಯೂತ ಮಾತ್ರ ಇಳಿಯಲೇ ಇಲ್ಲ! ಎನ್ಎಫ್-ಕಪ್ಪಾ-ಬಿ ಎಂದಿನಂತೆ ಎಚ್ಚರವಾಯಿತು, ಶ್ವಾಸಕೋಶಕ್ಕೂ ಪೆಟ್ಟು ಬಿತ್ತು. ಟ್ರಿಪ್ಸಿನ್ನಿನ ಪರವಾಗಿ ವರ್ಷಗಟ್ಟಲೆ ವಾದಿಸಿದವರೇ ತಮ್ಮ ಕೈಯಾರೆ ಈ ಸಾಕ್ಷಿ ತಂದಿಟ್ಟರಲ್ಲ, ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ಗಳಿಗೆ ಅದು. ಕತ್ತಿಯೂ ಸಿಗ್ನಲ್ಲೂ ಜೊತೆಜೊತೆಗೆ ಹೊರಡುವ ಎರಡು ಗಾಡಿಗಳು, ಒಂದು ಇನ್ನೊಂದನ್ನು ಎಳೆಯುತ್ತಿಲ್ಲ.

ಶ್ವಾಸಕೋಶದ ನನ್ನ ಹಳೆಯ ಪ್ರಶ್ನೆಗೂ ಹೀಗೇ ಒಂದು ಉತ್ತರ ಬಂತು. 2013ರಲ್ಲಿ ಮ್ಯೂನಿಕ್ಕಿನ ಹಾನಾ ಅಲ್ಗ್ಯೂಲ್ ತಂಡ ಇಲಿಗಳಲ್ಲಿ ತೋರಿಸಿದ ಪ್ರಕಾರ, ಉರಿಯುವ ಮೇದೋಜೀರಕದಿಂದ ಹೊರಟ ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ತೇಲುವ ತನ್ನ ಜೊತೆಗಾರ ಪ್ರೋಟೀನನ್ನು ಕಟ್ಟಿಕೊಂಡು ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಸ್ಟ್ಯಾಟ್-3 ಎಂಬ ಇನ್ನೊಂದು ಸಿಗ್ನಲ್ಲನ್ನು ಎಳೆಯುತ್ತದೆ. ಇಲ್ಲಿಯ ಸ್ಟೇಷನ್ನಿನ ತಂತಿಗೆ ಇನ್ನೂರು ಮೈಲಿ ಆಚೆ ಗೇಟು ಬಿದ್ದ ಹಾಗೆ.

ಸಕ್ಕರೆ ಕಾಯಿಲೆಯದು ಇನ್ನೊಂದು ದೊಡ್ಡ ಅಧ್ಯಾಯ, ಇಲ್ಲಿ ಎರಡೇ ಮಾತು. ಇನ್ಸುಲಿನ್ ತಯಾರಿಸುವ ದ್ವೀಪಗಳು ಇದೇ ಗ್ರಂಥಿಯ ನಡುವೆ ಚದುರಿ ಕೂತಿರುವುದರಿಂದ, ಸುತ್ತಲಿನ ಭಾಗ ವರ್ಷಗಟ್ಟಲೆ ಉರಿದು ಗಟ್ಟಿಯಾದಾಗ ಅವೂ ಉಸಿರು ಕಟ್ಟಿ ಸಾಯುತ್ತವೆ. ಸೈಟೋಕೈನುಗಳು ಅವನ್ನು ನೇರವಾಗಿಯೂ ಕೊಲ್ಲಬಲ್ಲವು. ಇಂಟರ್‌ಲ್ಯೂಕಿನ್-1 ಹಾಗೆ ಮಾಡುತ್ತದೆ ಅಂತ ಕೋಪನ್‌ಹೇಗನ್ನಿನ ಮಾಂಡ್ರುಪ್-ಪೌಲ್ಸನ್ ಮತ್ತಿತರರು 1986ರಲ್ಲೇ ತೋರಿಸಿದ್ದರು.

ಇಷ್ಟೆಲ್ಲ ಗೊತ್ತಿದ್ದಮೇಲೆ ಎನ್ಎಫ್-ಕಪ್ಪಾ-ಬಿಯನ್ನು ಕಟ್ಟಿಹಾಕುವ ಮಾತ್ರೆ ಯಾಕಿಲ್ಲ? ನಾನೂ ಹಾಗೇ ಕೇಳಿದೆ. ತೊಡಕು ಇದೆ. 2007ರಲ್ಲಿ ಅದೇ ಅಲ್ಗ್ಯೂಲ್ ಮತ್ತು ಸಂಗಡಿಗರು ಇಲಿಯ ಮೇದೋಜೀರಕದಲ್ಲಿ ಮಾತ್ರ ಈ ಸಿಗ್ನಲ್ಲಿನ ಮುಖ್ಯ ಭಾಗವನ್ನು ಕತ್ತರಿಸಿ ನೋಡಿದರೆ ಕಾಯಿಲೆ ಇನ್ನೂ ಜೋರಾಯಿತು. 2013ರಲ್ಲಿ ಲಾಗ್ಸ್‌ಡನ್ ಬಳಗ ಅದೇ ಸಿಗ್ನಲ್ಲನ್ನು ಹೆಚ್ಚಿಸಿ ನೋಡಿದಾಗಲೂ ಕಾಯಿಲೆ ಜೋರಾಯಿತು! ಕೋಶವನ್ನು ಸಾವಿನಿಂದ ಕಾಪಾಡುವ ಜೀನುಗಳನ್ನೂ ಎನ್ಎಫ್-ಕಪ್ಪಾ-ಬಿಯೇ ನಡೆಸುತ್ತದೆ, ಸಹಾಯಕ್ಕೆ ಕೂಗುವವನೂ ಅವನೇ, ಮನೆ ಕಾಯುವವನೂ ಅವನೇ. ಉರಿಯೂತದ ಇನ್ನೊಂದು ಕೊಂಡಿಯನ್ನು ತಡೆಯುವ ಲೆಕ್ಸಿಪಾಫಾಂಟ್ ಎಂಬ ಔಷಧವನ್ನು ಬ್ರಿಟನ್ನಿನಲ್ಲಿ 290 ರೋಗಿಗಳಿಗೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಅಂಗವೈಫಲ್ಯ ತಪ್ಪಲಿಲ್ಲ. ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಗಾಡಿ ಸ್ಟೇಷನ್ ಬಿಟ್ಟಿರುತ್ತದೆ. ಡ್ರಿಪ್ ಹಾಕುವುದರಲ್ಲೂ ಅತಿ ಬೇಡ ಅಂತ 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ ಹೇಳಿತು. ಸದ್ಯಕ್ಕೆ ಚಿಕಿತ್ಸೆ ಅಂದರೆ ಹದವಾಗಿ ದ್ರವ, ನೋವಿಗೆ ಔಷಧ, ಆದಷ್ಟು ಬೇಗ ಊಟ, ಮತ್ತು ಕಾರಣ ಹುಡುಕಿ ತೆಗೆಯುವುದು.

ಇದನ್ನೆಲ್ಲ ನಾನು ಹುಡುಕಲು ಹೊರಟಿದ್ದು ಸುಮ್ಮನೆ ಅಲ್ಲ. 2014ರಲ್ಲಿ ಅಣ್ಣನ ಮಗನಿಗೆ, ಇಪ್ಪತ್ತೆಂಟರ ಹುಡುಗ, ಅದೇ ನೋವು ಶುರುವಾಯಿತು. ಇಲ್ಲಿಗೇ ಕರೆಸಿಕೊಂಡೆ. ಈ ಸಲ ನೋಡಿದ ಡಾಕ್ಟರಮ್ಮ ಮೊದಲು ಕುಡಿಯುತ್ತೀಯಾ ಅಂತ ಕೇಳಿದರು. ಇಲ್ಲ ಅಂದ. ಆಯಿತು ಅಂತ ಅದನ್ನೇ ಬರೆದುಕೊಂಡು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂತ ಮುಂದಿನ ಪ್ರಶ್ನೆ ಕೇಳಿದರು. ರಕ್ತ ಪರೀಕ್ಷೆಯಲ್ಲಿ ಎನ್34ಎಸ್ ಒಂದು ಪ್ರತಿ ಸಿಕ್ಕಿತು. ಅದು ಅವನ ಅಪ್ಪನಿಂದಲೇ ಬಂತು ಅಂತ ಹೇಳಲು ಅಪ್ಪನ ರಕ್ತ ಇಲ್ಲ. ಅತ್ತಿಗೆಯದನ್ನೂ ಪರೀಕ್ಷಿಸಿದರು, ಅವರಲ್ಲಿ ಇರಲಿಲ್ಲ.

ರಿಪೋರ್ಟು ತೆಗೆದುಕೊಂಡು ಊರಿಗೆ ಹೋದೆ. ಅಮ್ಮನಿಗೆ ಆಗ ಎಂಬತ್ತೆರಡು. ಜೀನು, ಸಿಗ್ನಲ್ಲು ಎಲ್ಲ ಅವಳಿಗೆ ಹೇಗೆ ಹೇಳಲಿ? ಅವನು ಕುಡೀತಿರಲಿಲ್ಲ ಅಮ್ಮ, ಹುಟ್ಟಿನಿಂದಲೇ ಇತ್ತು, ನಮ್ಮ ಮನೆಯಿಂದಲೇ ಬಂದಿದ್ದು, ಅಂದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಅಣ್ಣನ ಆಸ್ಪತ್ರೆಯ ಹಳೆ ಚೀಟಿಗಳ ಕಟ್ಟು ತಂದು ನನ್ನ ಮುಂದಿಟ್ಟು, ಇದರಲ್ಲಿ ಯಾವುದು ಆ ಡಾಕ್ಟರು ಬರೆದಿದ್ದು ತೆಗಿ ಅಂದಳು. ತೆಗೆದು ಕೊಟ್ಟೆ. ಒಲೆಗೆ ಹಾಕಿ ಬಂದಳು.